ಅರ್ಜಿ ಹಾಕದ ಮನೆಯನ್ನು ಹುಡುಕುವುದು ಹೇಗೆ?

ದುಡಿಯುವ ಕೈ ಇಲ್ಲವಾದ ಬಡ ಮನೆಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡುವ ಯೋಜನೆಯೊಂದು ಇದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಪಾಲಿನಲ್ಲಿ ನಡೆಸುವ ಮಿಷನ್ ವಾತ್ಸಲ್ಯದ ಒಳಗಿರುವ ‘ಪ್ರಾಯೋಜಕತ್ವ’ ಅದು. ಬಡತನ ಎಂಬ ಒಂದೇ ಕಾರಣಕ್ಕೆ ಮಗು ಬಾಲಮಂದಿರ ಸೇರಬಾರದು. ತಾಯಿಯ ಜೊತೆಗೋ ಅಜ್ಜಿಯ ಜೊತೆಗೋ ತನ್ನ ಊರಿನಲ್ಲೇ ಇದ್ದು ಶಾಲೆಗೆ ಹೋಗಬೇಕು ಎಂಬುದು ಅದರ ಉದ್ದೇಶ. 2015ರ ಬಾಲನ್ಯಾಯ ಕಾಯ್ದೆಯ 45ನೇ ಕಲಂ ಇದಕ್ಕೆ ಕಾನೂನಿನ ಬಲ ಕೊಟ್ಟಿದೆ.

ಆದರೆ ಅರ್ಜಿ ಹಾಕುವವರು ಯಾರು? ಪ್ರಕಟಣೆ ಓದಬಲ್ಲವರು, ತಾಲ್ಲೂಕು ಕಚೇರಿಯಲ್ಲಿ ಒಬ್ಬರಾದರೂ ಪರಿಚಯದವರು ಇರುವವರು, ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಕೇಂದ್ರವಾದ ದಾವಣಗೆರೆಗೆ ಹೋಗಿಬರಬಲ್ಲವರು. ಇವರೂ ಬಡವರೇ, ಅರ್ಹರೇ. ಇವರಿಗಿಂತ ಕಷ್ಟದಲ್ಲಿರುವ ಮನೆ ಮಾತ್ರ ಕಚೇರಿಯ ಬಾಗಿಲಿಗೆ ಬರುವುದೇ ಇಲ್ಲ. ಆ ಮನೆಗೆ ನಾವೇ ಹೋಗಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರು, ಊರಿಗೆ ಏನಾದರೂ ಮಾಡಬೇಕೆನ್ನುವ ಯುವಕರು ಈ ಕೆಲಸ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಹೇಳಲಾಗಿದೆ.

ಯೋಜನೆ ಯಾರಿಗೆ?

18 ವರ್ಷ ತುಂಬದ ಮಕ್ಕಳಿಗೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000 ರೂಪಾಯಿ, ನಗರ ಪ್ರದೇಶದಲ್ಲಿ 96,000 ರೂಪಾಯಿ ಮೀರಬಾರದು. ಇದರ ಜೊತೆಗೆ ಈ ಕೆಳಗಿನ ಸ್ಥಿತಿಗಳಲ್ಲಿ ಒಂದಾದರೂ ಇರಬೇಕು:

• ತಾಯಿ ವಿಧವೆ, ವಿಚ್ಛೇದಿತೆ ಅಥವಾ ಮನೆಯವರು ಕೈಬಿಟ್ಟವಳು.
• ತಂದೆ–ತಾಯಿ ಇಬ್ಬರೂ ಇಲ್ಲದೆ ಮಗು ಅಜ್ಜ–ಅಜ್ಜಿ, ಸೋದರಮಾವ, ಚಿಕ್ಕಪ್ಪ ಇಂಥ ಬಂಧುಗಳ ಮನೆಯಲ್ಲಿದೆ.
• ತಂದೆ ಅಥವಾ ತಾಯಿಗೆ ಪ್ರಾಣಕ್ಕೆ ಕುತ್ತು ತರುವ ಕಾಯಿಲೆಯಿದೆ.
• ಅಪಘಾತ, ಪಾರ್ಶ್ವವಾಯು, ಅಂಗವೈಕಲ್ಯ ಮುಂತಾದ ಕಾರಣದಿಂದ ಹೆತ್ತವರು ದುಡಿಯಲಾರರು, ಮಗುವನ್ನು ನೋಡಿಕೊಳ್ಳಲಾರರು.
• ಬಾಲನ್ಯಾಯ ಕಾಯ್ದೆ ಹೇಳುವ ‘ಪಾಲನೆ ಮತ್ತು ರಕ್ಷಣೆ ಬೇಕಿರುವ ಮಗು’: ಸೂರಿಲ್ಲದ ಮಗು, ದುಡಿಮೆಗೆ ಬಿದ್ದ ಮಗು, ಬಾಲ್ಯವಿವಾಹಕ್ಕೆ ಒಳಗಾದ ಮಗು, ಎಚ್‌ಐವಿ ಬಾಧಿತ ಮಗು, ಅಂಗವಿಕಲ ಮಗು, ಭಿಕ್ಷೆಗೆ ಇಳಿದ ಮಗು, ಮನೆ ಬಿಟ್ಟು ಓಡಿಹೋಗಿ ಸಿಕ್ಕ ಮಗು, ಹಿಂಸೆ ಅಥವಾ ಶೋಷಣೆ ಕಂಡ ಮಗು, ಪ್ರಕೃತಿ ವಿಕೋಪದ ಸಂತ್ರಸ್ತ ಮಗು.

ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುತ್ತದೆ. ಸಮಾಜ ಕಾರ್ಯಕರ್ತರು ಮನೆ ಭೇಟಿ ಮಾಡಿ ವರದಿ ಬರೆಯುತ್ತಾರೆ, ಮಕ್ಕಳ ಕಲ್ಯಾಣ ಸಮಿತಿ ನೋಡುತ್ತದೆ, ಕೊನೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಅನುಮೋದನಾ ಸಮಿತಿ ತೀರ್ಮಾನಿಸುತ್ತದೆ. ಅರ್ಜಿಗೆ ಶುಲ್ಕವಿಲ್ಲ. ‘ಮಾಡಿಸಿಕೊಡುತ್ತೇವೆ’ ಎಂದು ದುಡ್ಡು ಕೇಳುವವರು ಯಾರೇ ಆಗಲಿ, ನಂಬಬೇಡಿ.

ವರ್ಷಕ್ಕೆ 72,000 ಎಂದರೆ ತಿಂಗಳಿಗೆ 6,000. ಈ ಮಿತಿಯೊಳಗೆ ನಿಲ್ಲುವ ಮನೆ ಪ್ರತಿ ಊರಿನಲ್ಲೂ ಹತ್ತಾರು ಸಿಗುತ್ತವೆ. ಆದ್ದರಿಂದ ‘ಯಾರು ಬಡವರು’ ಎಂದಷ್ಟೇ ಕೇಳಿಕೊಂಡು ಹೊರಟರೆ ಕೆಲಸ ಮುಂದೆ ಸಾಗುವುದಿಲ್ಲ. ‘ಯಾವ ಮಗು ಕೈತಪ್ಪಿ ಹೋಗುವ ಹಂತದಲ್ಲಿದೆ’ ಎಂದು ಕೇಳಿಕೊಳ್ಳಬೇಕು.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಮರೆ

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದ ಹೊಸ ತಾಲ್ಲೂಕು. ಜಿಲ್ಲೆ ಒಂದೇ ಆದರೂ ಕಷ್ಟ ಕಣ್ಣಿಗೆ ಬೀಳದಂತೆ ಮರೆಯಾಗುವ ರೀತಿ ಒಂದೊಂದು ಕಡೆ ಒಂದೊಂದು.

ಚನ್ನಗಿರಿಯಲ್ಲಿ ಮರೆ ಮಾಡುವುದು ಅಡಿಕೆ. ಸೂಳೆಕೆರೆ ಮತ್ತು ಭದ್ರಾ ನಾಲೆಯ ನೀರುಂಡ ತೋಟಗಳ ಸೀಮೆ ಇದು. ‘ನಮ್ಮೂರಲ್ಲಿ ಅಂಥ ಬಡವರು ಯಾರಿದಾರೆ’ ಎಂಬ ಮಾತು ಸುಲಭವಾಗಿ ಬರುತ್ತದೆ. ತೋಟ ಇದ್ದವರ ಊರಿನಲ್ಲಿ ತೋಟ ಇಲ್ಲದವರ ಮನೆ ಕಾಣುವುದಿಲ್ಲ. ಕೊಯ್ಲಿನ ಕಾಲದಲ್ಲಿ ಚೇಣಿದಾರರ ಮನೆಯಂಗಳದಲ್ಲಿ ರಾತ್ರಿವರೆಗೂ ಅಡಿಕೆ ಸುಲಿಯುವ ಹೆಂಗಸರ ಜೊತೆ ಹೆಣ್ಣುಮಕ್ಕಳೂ ಕೂತಿರುತ್ತಾರೆ. ಮಾರನೆಯ ಬೆಳಿಗ್ಗೆ ತರಗತಿಯಲ್ಲಿ ಗೈರಾಗುವವರು ಅವರೇ. ಇಲ್ಲಿ ಕೊಯ್ಲಿನ ತಿಂಗಳುಗಳ ಹಾಜರಿ ಪುಸ್ತಕವನ್ನು ಬೇರೆ ತಿಂಗಳುಗಳ ಹಾಜರಿಯೊಂದಿಗೆ ಹೋಲಿಸಿ ನೋಡಬೇಕು.

ಹೊನ್ನಾಳಿಯಲ್ಲಿ ತುಂಗಭದ್ರೆ. ಹೊಳೆ ಉಕ್ಕಿದ ವರ್ಷ ತಗ್ಗಿನ ಬೀದಿಗಳಿಗೆ ನೀರು ನುಗ್ಗುತ್ತದೆ, ಮಣ್ಣಿನ ಗೋಡೆ ಕುಸಿಯುತ್ತದೆ. ಮನೆ ಕಳೆದುಕೊಂಡವರು ಅಣ್ಣನ ಮನೆಯ ಪಡಸಾಲೆಗೋ ತವರಿಗೋ ಸೇರುತ್ತಾರೆ. ಹೊಸ ಊರಿನ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಹಳೆಯ ಊರಿನಲ್ಲಿ ಅವರೇ ಇಲ್ಲ. ಹೊನ್ನಾಳಿಯಲ್ಲಿ ಕೇಳಬೇಕಾದ ಪ್ರಶ್ನೆ: ‘ನಿಮ್ಮ ಮನೆಯಲ್ಲಿ ನಿಮ್ಮ ರೇಷನ್ ಕಾರ್ಡಿನಲ್ಲಿ ಇಲ್ಲದ ಮಕ್ಕಳು ಯಾರಾದರೂ ಇದ್ದಾರೆಯೇ?’

ನ್ಯಾಮತಿಯಲ್ಲಿ ತಾಂಡಾಗಳು ಹೆಚ್ಚು. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ಈ ತಾಲ್ಲೂಕಿನಲ್ಲೇ. ಕಾಫಿ ಕೊಯ್ಲಿಗೆ ಮಲೆನಾಡಿನ ಕಡೆ, ಕಬ್ಬು ಕಡಿಯಲು ಬಯಲಿನ ಕಡೆ ತಾಂಡಾದ ಕುಟುಂಬಗಳು ಗುಳೆ ಹೋಗುತ್ತವೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಮನೆ ಸಮೀಕ್ಷೆಗೆ ಹೋದರೆ ಸಿಗುವುದು ಬೀಗ, ಇಲ್ಲವೇ ಮೊಮ್ಮಕ್ಕಳನ್ನು ಕಾಯುತ್ತ ಕೂತ ಅಜ್ಜಿ. ‘ಮನೆ ಖಾಲಿ’ ಎಂದು ಬರೆದುಕೊಂಡು ಬಂದರೆ ಮುಖ್ಯವಾದ ಮನೆಯನ್ನೇ ಬಿಟ್ಟಂತೆ. ದೀಪಾವಳಿ ಮತ್ತು ಹೋಳಿ ಲಂಬಾಣಿಗರ ದೊಡ್ಡ ಹಬ್ಬಗಳು. ಆ ದಿನಗಳ ಆಸುಪಾಸಿನಲ್ಲಿ ಹೋಗಿ. ತಾಂಡಾದ ನಾಯಕ ಮತ್ತು ಕಾರಭಾರಿಯನ್ನು ಮೊದಲು ಮಾತಾಡಿಸಿ, ಆದರೆ ಅವರು ಹೇಳಿದ ಮನೆಗಳಷ್ಟಕ್ಕೇ ನಿಲ್ಲಬೇಡಿ.

ಜಗಳೂರಿನಲ್ಲಿ ಬಡತನ ಮುಚ್ಚಿಟ್ಟಿಲ್ಲ, ಅದೇ ಅಲ್ಲಿನ ಸಮಸ್ಯೆ. ಮಳೆ ನಂಬಿದ ಬಯಲು ಸೀಮೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಕೈಕೊಟ್ಟ ವರ್ಷ ಊರಿಗೆ ಊರೇ ಕಷ್ಟದಲ್ಲಿರುತ್ತದೆ. ಎಲ್ಲರೂ ಬಡವರಾದಾಗ ಹೆಚ್ಚು ಕಷ್ಟದ ಮನೆ ಬೇರೆಯಾಗಿ ಕಾಣದು. ಚದುರಿದ ಹಟ್ಟಿಗಳು, ರಂಗಯ್ಯನದುರ್ಗದ ಕಾಡಂಚಿನ ಒಂಟಿ ಮನೆಗಳು ರಸ್ತೆಯಿಂದ ದೂರ. ‘ಬರಗಾಲ ಎಲ್ಲರಿಗೂ ಅಲ್ಲವಾ’ ಎಂಬ ಮಾತಿನ ಹಿಂದೆ ತಾಯಿಯಿಲ್ಲದ ಮಗು, ಹಾಸಿಗೆ ಹಿಡಿದ ತಂದೆ ಮರೆಯಾಗಿಬಿಡುತ್ತಾರೆ. ಇಲ್ಲಿ ಹೊಲದ ಲೆಕ್ಕ ಬಿಟ್ಟು ಆಳುಗಳ ಲೆಕ್ಕ ಹಿಡಿಯಬೇಕು: ಮನೆಯಲ್ಲಿ ದುಡಿಯುವ ದೊಡ್ಡವರು ಎಷ್ಟು, ತಿನ್ನುವ ಮಕ್ಕಳು ಎಷ್ಟು?

ಊರಿನಲ್ಲೇ ಇರುವ ಆರು ಪಟ್ಟಿ

ಹೊಸ ಸಮೀಕ್ಷೆಗೆ ಮೊದಲು, ಈಗಾಗಲೇ ಬರೆದಿಟ್ಟಿರುವುದನ್ನು ಓದಿ. ಈ ಪಟ್ಟಿಗಳು ಬೇರೆ ಬೇರೆ ಕಪಾಟಿನಲ್ಲಿ ಇರುತ್ತವೆ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದವರು ಕಡಿಮೆ. ಆಯಾ ಪಟ್ಟಿಯನ್ನು ಇಟ್ಟುಕೊಂಡವರೇ ಒಂದು ಮಧ್ಯಾಹ್ನ ಒಟ್ಟಿಗೆ ಕೂತರೆ ಸಾಕು.

1. ಮರಣ ನೋಂದಣಿ. ಕಳೆದ ಐದಾರು ವರ್ಷಗಳಲ್ಲಿ 25ರಿಂದ 50 ವಯಸ್ಸಿನೊಳಗೆ ತೀರಿಕೊಂಡವರ ಹೆಸರುಗಳನ್ನು ಗುರುತು ಹಾಕಿ. ಆ ವಯಸ್ಸಿನವರಿಗೆ ಚಿಕ್ಕ ಮಕ್ಕಳಿರುತ್ತಾರೆ. ರೈತ ಆತ್ಮಹತ್ಯೆ, ರಸ್ತೆ ಅಪಘಾತ, ಕುಡಿತದಿಂದ ಸತ್ತವರು ಎಲ್ಲರೂ ಇದರಲ್ಲಿ ಬರುತ್ತಾರೆ.

2. ಶಾಲಾ ಹಾಜರಿ. ದಾಖಲಾತಿ ಇದ್ದೂ ವಾರಗಟ್ಟಲೆ ಬಾರದವರು, 7, 8, 9ನೇ ತರಗತಿಯ ನಡುವೆ ಬಿಟ್ಟವರು. ಬಿಸಿಯೂಟದ ಹೊತ್ತಿಗೆ ಬಂದು ಹೋಗುವ ಮಗುವನ್ನು ಅಡುಗೆ ಸಿಬ್ಬಂದಿ ಬಲ್ಲರು, ಅವರನ್ನೂ ಕೇಳಿ.

3. ಅಂಗನವಾಡಿಯ ತೂಕದ ಪುಸ್ತಕ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಮೊದಲು ಬೇಕಾದದ್ದು ಪೌಷ್ಟಿಕ ಪುನಶ್ಚೇತನ ಕೇಂದ್ರ. ಆ ಮನೆಯ ಉಳಿದ ಮಕ್ಕಳ ಸ್ಥಿತಿ ನೋಡುವುದು ಎರಡನೆಯ ಕೆಲಸ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

4. ಗರ್ಭಿಣಿಯರ ನೋಂದಣಿ. 18 ತುಂಬದ ತಾಯಿ ಇದ್ದರೆ ಆ ಮನೆಯಲ್ಲಿ ರಕ್ಷಣೆ ಬೇಕಿರುವ ಮಕ್ಕಳು ಇಬ್ಬರು: ತಾಯಿ ಮತ್ತು ಕೂಸು. ಅದೇ ಸಮೀಕ್ಷೆಯಲ್ಲಿ ರಾಜ್ಯದ 20–24 ವಯಸ್ಸಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು.

5. ಪಿಂಚಣಿ ಮತ್ತು ಪಡಿತರ ಪಟ್ಟಿ. ಇದರಲ್ಲಿ ಹುಡುಕಬೇಕಾದದ್ದು ಇಲ್ಲದ ಹೆಸರನ್ನು. ಮರಣ ಪಟ್ಟಿಯಲ್ಲಿ ಗಂಡನ ಹೆಸರಿದ್ದು ವಿಧವಾ ವೇತನದ ಪಟ್ಟಿಯಲ್ಲಿ ಹೆಂಡತಿಯ ಹೆಸರಿಲ್ಲ ಎಂದರೆ ನೀವು ಹುಡುಕುತ್ತಿದ್ದ ಮನೆ ಅದೇ ಇರಬಹುದು.

6. ಸಂಘದ ಸಾಲದ ಪುಸ್ತಕ. ಕಂತು ಕಟ್ಟಲಾಗದೆ ಸಂಘ ಬಿಟ್ಟವರು ಯಾರು, ಮೈಕ್ರೋಫೈನಾನ್ಸ್ ಸಾಲಕ್ಕೆ ಹೆದರಿ ಊರು ಬಿಟ್ಟವರು ಯಾರು, ಅವರ ಮಕ್ಕಳು ಯಾರ ಮನೆಯಲ್ಲಿದ್ದಾರೆ? ಇದು ಸ್ತ್ರೀಶಕ್ತಿ ಸಂಘದವರಿಗೆ ಗೊತ್ತಿರುವಷ್ಟು ಯಾವ ಇಲಾಖೆಗೂ ಗೊತ್ತಿರುವುದಿಲ್ಲ.

ಎರಡು ಅಥವಾ ಹೆಚ್ಚು ಪಟ್ಟಿಗಳಲ್ಲಿ ಬಂದ ಮನೆಗೆ ಮೊದಲು ಹೋಗಿ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮ ಸಭೆಯೂ ಒಳ್ಳೆಯ ದಾರಿ. ‘ನಿಮ್ಮ ತರಗತಿಗೆ ಬರುತ್ತಿದ್ದು ಈಗ ಬಾರದ ಗೆಳೆಯರು ಯಾರು’ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ; ದೊಡ್ಡವರು ಹೇಳದ ಹೆಸರು ಮಕ್ಕಳ ಚೀಟಿಯಲ್ಲಿ ಬರುತ್ತದೆ.

ಮನೆಯೊಳಗೆ ಕೂತಾಗ

ಇಬ್ಬರು ಹೋಗಿ, ಒಬ್ಬರು ಹೆಂಗಸಾಗಿರಲಿ. ಮೊದಲ ಭೇಟಿಯಲ್ಲೇ ಫಾರಂ ತೆಗೆಯಬೇಡಿ, ಫೋಟೊ ಹೊಡೆಯಬೇಡಿ. ‘4,000 ಕೊಡಿಸುತ್ತೇವೆ’ ಎಂದು ಮಾತು ಕೊಡಲೇಬೇಡಿ. ಮಂಜೂರು ಮಾಡುವವರು ನೀವಲ್ಲ; ಕೊಟ್ಟ ಮಾತು ತಪ್ಪಿದರೆ ಆ ಮನೆ ಮುಂದೆ ಯಾರನ್ನೂ ನಂಬುವುದಿಲ್ಲ.

‘ತಿಂಗಳಿಗೆ ಎಷ್ಟು ಆದಾಯ’ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಅಪರೂಪ. ಕೂಲಿ ಮಾಡುವವರಿಗೇ ಅದು ಗೊತ್ತಿರುವುದಿಲ್ಲ. ಅದರ ಬದಲು ಹೀಗೆ ಕೇಳಿ:

• ಹೋದ ವಾರ ಎಷ್ಟು ದಿನ ಕೂಲಿ ಸಿಕ್ಕಿತು? ಮಳೆಗಾಲದಲ್ಲಿ ಹೇಗೆ?
• ರಾತ್ರಿ ಮಕ್ಕಳ ಜೊತೆ ಮಲಗುವ ದೊಡ್ಡವರು ಯಾರು?
• ಬೆಳಿಗ್ಗೆ ಮಗುವನ್ನು ಎಬ್ಬಿಸಿ ಶಾಲೆಗೆ ಕಳಿಸುವವರು ಯಾರು?
• ಮಗು ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವರು ಯಾರು, ದುಡ್ಡು ಎಲ್ಲಿಂದ ಬಂತು?
• ಮನೆಯ ದೊಡ್ಡ ಮಗು ಶಾಲೆ ಬಿಟ್ಟು ಮಾಡುವ ಕೆಲಸ ಏನಾದರೂ ಇದೆಯೇ: ತಮ್ಮನನ್ನು ಎತ್ತಿಕೊಳ್ಳುವುದು, ಕುರಿ ಕಾಯುವುದು, ಗ್ಯಾರೇಜು, ಇಟ್ಟಿಗೆ ಗೂಡು?
• ಅನ್ನಭಾಗ್ಯದ ಅಕ್ಕಿ, ಗೃಹಲಕ್ಷ್ಮಿಯ 2,000 ರೂಪಾಯಿ ಯಾರ ಕೈಗೆ ಬರುತ್ತದೆ?

ಕೊನೆಯ ಪ್ರಶ್ನೆ ಮುಖ್ಯವಾದದ್ದು. ಗೃಹಲಕ್ಷ್ಮಿ ಬರುವುದು ರೇಷನ್ ಕಾರ್ಡಿನ ಯಜಮಾನಿಗೆ. ಕಾರ್ಡ್ ಅತ್ತೆಯ ಹೆಸರಿನಲ್ಲಿದ್ದು, ಗಂಡ ತೀರಿಕೊಂಡ ಸೊಸೆ ಅದೇ ಮನೆಯ ಮೂಲೆಯಲ್ಲಿ ಬೇರೆ ಒಲೆ ಹೂಡಿದ್ದರೆ ಕಾಗದದಲ್ಲಿ ‘ಸವಲತ್ತು ಸಿಗುತ್ತಿದೆ’ ಎಂದಿರುತ್ತದೆ, ಮಕ್ಕಳಿಗೆ ಮಾತ್ರ ಏನೂ ತಲುಪಿರುವುದಿಲ್ಲ. ಒಂದು ಸೂರಿನ ಕೆಳಗೆ ಎಷ್ಟು ಒಲೆ ಉರಿಯುತ್ತಿವೆ ಎಂದು ನೋಡಿ. ಒಲೆಯೊಂದಕ್ಕೆ ಒಂದು ಕುಟುಂಬ ಎಂದು ಎಣಿಸಿ.

ಕೇಳಬಾರದ್ದೂ ಇದೆ. ಎಚ್‌ಐವಿ ಇದೆಯೇ ಎಂದು ಕೇಳಬೇಡಿ; 2017ರ ಎಚ್‌ಐವಿ ಕಾಯ್ದೆ ಆ ಗೋಪ್ಯತೆಯನ್ನು ಕಾಪಾಡುತ್ತದೆ. ‘ದೊಡ್ಡ ಕಾಯಿಲೆಗೆ ಆಸ್ಪತ್ರೆಗೆ ಓಡಾಡುತ್ತಿದ್ದೀರಾ’ ಎಂದು ಕೇಳಿದರೆ ಸಾಕು. ಗಂಡ ಏಕೆ ಬಿಟ್ಟುಹೋದ, ದೇವರಿಗೆ ಬಿಟ್ಟವಳೇ, ತಂದೆ ಯಾರು ಎಂಬ ವಿಚಾರಣೆ ನಿಮ್ಮ ಕೆಲಸವಲ್ಲ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮಗುವನ್ನು ನೀವು ಪ್ರಶ್ನೆ ಮಾಡಬೇಡಿ. ಆ ಕ್ಷಣವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಸಾಲು ಹಾಕುವುದು

ಹುಡುಕಿದ ಮೇಲೆ ಯಾರು ಮೊದಲು? ಮೂರು ಗುಂಪು ಮಾಡಿಕೊಳ್ಳಿ.

ಇಂದೇ: ಮದುವೆ ನಿಶ್ಚಯವಾಗಿರುವ ಬಾಲಕಿ, ನೋಡಿಕೊಳ್ಳುವ ದೊಡ್ಡವರೇ ಇಲ್ಲದ ಮಗು, ಹೊಡೆತ–ಶೋಷಣೆಯಲ್ಲಿರುವ ಮಗು, ಎಲ್ಲೋ ಜೀತದಂತೆ ದುಡಿಯಲು ಬಿಟ್ಟಿರುವ ಮಗು, ತೀವ್ರ ಅಪೌಷ್ಟಿಕ ಕೂಸು. ಇವರಿಗೆ ಹಣದ ಅರ್ಜಿ ಆಮೇಲೆ. ಮೊದಲು 1098, ಮಕ್ಕಳ ಕಲ್ಯಾಣ ಸಮಿತಿ, ಆಸ್ಪತ್ರೆ.

ಈ ತಿಂಗಳು: ಹೆತ್ತವರಿಬ್ಬರೂ ಇಲ್ಲದೆ ಬಂಧುಗಳಲ್ಲಿರುವ ಮಕ್ಕಳು, ಹಾಸಿಗೆ ಹಿಡಿದ ತಂದೆಯೋ ತಾಯಿಯೋ ಇರುವ ಮನೆ, ಶಾಲೆ ಬಿಟ್ಟ ಅಥವಾ ಬಿಡುವ ಹಂತದ ಮಗು, ಆಶ್ರಯ ಕೊಟ್ಟ ಬಂಧುವೇ ‘ಇನ್ನು ಇಟ್ಟುಕೊಳ್ಳಲಾರೆ’ ಎನ್ನುತ್ತಿರುವ ಮಗು, ಅಂಗವಿಕಲ ಮಗುವಿರುವ ಒಂಟಿ ತಾಯಿ.

ಮುಂದಿನ ಮೂರು ತಿಂಗಳಲ್ಲಿ: ಆದಾಯ ಕಡಿಮೆಯಿದ್ದರೂ ತಾಯಿ ಗಟ್ಟಿಯಾಗಿದ್ದಾಳೆ, ಮಕ್ಕಳು ಶಾಲೆಯಲ್ಲಿದ್ದಾರೆ, ಸೂರಿದೆ, ತವರಿನ ಆಸರೆಯಿದೆ ಎಂಬ ಅರ್ಹ ಮನೆಗಳು.

ಒಂದೇ ಗುಂಪಿನೊಳಗೆ ತೂಗಿ ನೋಡಬೇಕಾದಾಗ ಐದು ಸಂಗತಿ ಗಮನಿಸಿ: ದುಡಿಯುವ ದೊಡ್ಡವರು ಇಲ್ಲದಿರುವುದು, ಐದು ವರ್ಷದೊಳಗಿನ ಮಕ್ಕಳು, 12 ದಾಟಿದ ಹೆಣ್ಣುಮಗು, ದೀರ್ಘ ಕಾಯಿಲೆ ಅಥವಾ ಅಂಗವೈಕಲ್ಯ, ಬೇರೆ ಯಾವ ನೆರವೂ ತಲುಪದಿರುವುದು. ಹೌದು ಎಂಬ ಉತ್ತರ ಹೆಚ್ಚಿದ್ದ ಮನೆ ಮುಂದೆ. ಈ ಲೆಕ್ಕ ಕಣ್ಣಾರೆ ಕಂಡ ಸಂಗತಿಗೆ ವಿರುದ್ಧ ನಿಂತರೆ ಮತ್ತೊಮ್ಮೆ ಮನೆಗೆ ಹೋಗಿ ನೋಡಿ.

ಉದಾಹರಣೆಗೆ ನಾಲ್ಕು ಮನೆಗಳನ್ನು ಊಹಿಸಿಕೊಳ್ಳೋಣ. ಚನ್ನಗಿರಿ ಕಡೆಯ ಮನೆಯಲ್ಲಿ ಗಂಡ ತೀರಿಕೊಂಡ ತಾಯಿ ಅಡಿಕೆ ಸುಲಿದು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ. ವಿಧವಾ ವೇತನ ಬರುತ್ತಿದೆ, ಅರ್ಜಿಯನ್ನು ತಾನೇ ತುಂಬಿಸಿಟ್ಟಿದ್ದಾಳೆ. ಹೊನ್ನಾಳಿ ಕಡೆಯ ಮನೆಯಲ್ಲಿ ತಂದೆಗೆ ಪಾರ್ಶ್ವವಾಯು; ತಾಯಿ ಗದ್ದೆ ಕೂಲಿಗೆ ಹೋಗುವುದರಿಂದ 14ರ ಮಗಳು ಶಾಲೆ ಬಿಟ್ಟು ಅಪ್ಪನನ್ನು ನೋಡಿಕೊಳ್ಳುತ್ತಾಳೆ, ‘ಒಳ್ಳೆ ಗಂಡು ಬಂದರೆ ಕೊಟ್ಟುಬಿಡೋಣ’ ಎಂಬ ಮಾತು ಎದ್ದಿದೆ. ನ್ಯಾಮತಿ ಕಡೆಯ ತಾಂಡಾದಲ್ಲಿ ಹೆತ್ತವರಿಬ್ಬರೂ ಕಾಫಿ ಕೊಯ್ಲಿಗೆ ಹೋಗಿದ್ದಾರೆ. ಮೂವರು ಮಕ್ಕಳು ಅಜ್ಜಿಯ ಬಳಿ, ದೊಡ್ಡವನು ಮೇಕೆ ಕಾಯುತ್ತಾನೆ. ಜಗಳೂರು ಕಡೆಯ ಹಟ್ಟಿಯಲ್ಲಿ ತಾಯಿ ಸತ್ತು, ತಂದೆ ಬೇರೆ ಮದುವೆಯಾಗಿ ಊರು ಬಿಟ್ಟಿದ್ದಾನೆ. ಇಬ್ಬರು ಮಕ್ಕಳು ನಾಲ್ಕು ಮಕ್ಕಳ ತಂದೆಯಾದ ಸೋದರಮಾವನ ಮನೆಯಲ್ಲಿದ್ದಾರೆ, ಮರಣಪತ್ರವೂ ಇಲ್ಲ.

ಹೊನ್ನಾಳಿ ಕಡೆಯ ಮನೆಯೇ ಮೊದಲು. ಮಾತು ನಿಶ್ಚಯಕ್ಕೆ ಬರುವ ಮೊದಲೇ ಮಗುವನ್ನು ಶಾಲೆಗೆ ಮರಳಿಸಬೇಕು, ಮನೆಯವರಿಗೆ ಕಾನೂನು ತಿಳಿಸಬೇಕು. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮಾತು ನಿಲ್ಲದಿದ್ದರೆ 1098. ಎರಡನೆಯದು ಜಗಳೂರು ಕಡೆಯ ಮನೆ. ಪ್ರಾಯೋಜಕತ್ವ ಇರುವುದೇ ಇಂಥ ಮಕ್ಕಳಿಗಾಗಿ, ಆದರೆ ದಾಖಲೆ ಹೊಂದಿಸಲು ಓಡಾಟ ಬೇಕು. ಮೂರನೆಯದು ತಾಂಡಾದ ಮನೆ. ಹೆತ್ತವರಿಬ್ಬರೂ ಇದ್ದು ಆರೋಗ್ಯವಾಗಿರುವುದರಿಂದ ಈ ಹಣ ಸುಲಭವಾಗಿ ಸಿಗದು. ಅಲ್ಲಿ ಬೇಕಾದದ್ದು ಮಕ್ಕಳ ಊಟ–ಶಾಲೆ ತಪ್ಪದಂತೆ ಹಾಸ್ಟೆಲ್ ವ್ಯವಸ್ಥೆ, ಅಜ್ಜಿಗೆ ವೃದ್ಧಾಪ್ಯ ವೇತನ. ಹುಡುಗನ ದುಡಿಮೆ ಮುಂದುವರಿದರೆ ಮಕ್ಕಳ ಕಲ್ಯಾಣ ಸಮಿತಿ.

ಹಾಗಾದರೆ ಚನ್ನಗಿರಿಯ ತಾಯಿ ಕಾಯಬೇಕೇ? ಬೇಡ. ಅವಳ ಅರ್ಜಿ ಸಿದ್ಧವಿದೆ, ಇವತ್ತೇ ಕಳಿಸಿ. ಸಾಲಿಡುವುದು ನಿಮ್ಮ ಓಡಾಟವನ್ನು. ಸಿದ್ಧವಾದ ಅರ್ಜಿಯನ್ನು ಯಾರಿಗಾಗಿಯೂ ತಡೆಹಿಡಿಯಬಾರದು. ಅನುದಾನ ಕಡಿಮೆ, ಅರ್ಜಿ ಹೆಚ್ಚು ಎಂದಾದಾಗ ಮಾತ್ರ ಮೇಲಿನ ಕ್ರಮವನ್ನು ಮಂಜೂರಾತಿಗೂ ಅನ್ವಯಿಸುವಂತೆ ಕೇಳಿ.

ಕಾಗದವಿಲ್ಲದವರು

ಮಗುವಿನ ಮತ್ತು ಪೋಷಕರ ಆಧಾರ್, ಮರಣ ಪ್ರಮಾಣಪತ್ರ ಅಥವಾ ಕಾಯಿಲೆಯ ವೈದ್ಯಕೀಯ ದಾಖಲೆ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಫೋಟೊ. ಸಾಮಾನ್ಯವಾಗಿ ಕೇಳುವ ದಾಖಲೆಗಳು ಇವು. ಹೆಚ್ಚು ಕಷ್ಟದ ಮನೆಗಳ ಅರ್ಜಿ ನಿಂತುಹೋಗುವುದೂ ಇಲ್ಲೇ.

ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಗ್ರಾಮ ಆಡಳಿತ ಅಧಿಕಾರಿಯನ್ನು ಕಂಡು ಇದನ್ನೇ ಮೊದಲು ಶುರು ಮಾಡಿ. ಆದಾಯ ಪ್ರಮಾಣಪತ್ರ ಗಂಡ ಬದುಕಿದ್ದಾಗ ಮಾಡಿಸಿದ್ದಾದರೆ ಅದರಲ್ಲಿರುವುದು ಅವನ ದುಡಿಮೆಯ ಲೆಕ್ಕ. ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ನ್ಯಾಮತಿಯವರ ಹಳೆಯ ಕಾಗದಗಳಲ್ಲಿ ‘ಹೊನ್ನಾಳಿ ತಾಲ್ಲೂಕು’ ಎಂದಿರುವುದು ಸಹಜ. ವಿಳಾಸ ಹೊಂದದ ತಕರಾರು ಬಾರದಂತೆ ಆಧಾರ್‌ನ ವಿಳಾಸ ಮೊದಲೇ ಸರಿಪಡಿಸಿಕೊಳ್ಳಿ.

ಗಂಡ ಬಿಟ್ಟುಹೋದ ಹೆಂಗಸಿನ ಬಳಿ ಯಾವ ಕಾಗದವೂ ಇರುವುದಿಲ್ಲ. ಅವಳಿಗೆ ವಿಚ್ಛೇದನದ ಆದೇಶ ತಂದುಕೊಡು ಎನ್ನುವುದು ಅನ್ಯಾಯ. ಕೈಬಿಟ್ಟವಳು ಎಂಬುದೇ ಬೇರೆ ಅರ್ಹತೆ. ಪಂಚಾಯಿತಿಯ ದೃಢೀಕರಣ, ಅಂಗನವಾಡಿ ಕಾರ್ಯಕರ್ತೆಯ ಹೇಳಿಕೆ, ನೆರೆಯವರ ಸಹಿ ಇರುವ ಸ್ಥಳ ಮಹಜರು ಇಟ್ಟು ಅರ್ಜಿ ಕೊಡಿಸಿ. ಮನೆ ಭೇಟಿಯ ವರದಿ ಬರೆಯುವ ಸಮಾಜ ಕಾರ್ಯಕರ್ತರಿಗೆ ಅದು ಆಧಾರವಾಗುತ್ತದೆ.

ನೆರೆಯ ಕೇರಳ 2021ರಲ್ಲಿ ಕಡುಬಡವರನ್ನು ಹುಡುಕಲು ಹೊರಟಾಗ ಊಟ, ಆರೋಗ್ಯ, ಆದಾಯ, ಸೂರು ಎಂಬ ನಾಲ್ಕು ಅಳತೆಗೋಲು ಹಿಡಿದು, ಸ್ಥಳೀಯ ಸಂಸ್ಥೆಗಳ ಮೂಲಕ 64,006 ಕುಟುಂಬಗಳನ್ನು ಗುರುತಿಸಿತು. ಅವರಲ್ಲಿ ಅನೇಕರಿಗೆ ರೇಷನ್ ಕಾರ್ಡ್, ಆಧಾರ್ ಕೂಡ ಇರಲಿಲ್ಲ. ಮೊದಲು ಕೊಟ್ಟ ನೆರವುಗಳಲ್ಲಿ ದಾಖಲೆ ಮಾಡಿಸುವುದೂ ಒಂದು. ನಮ್ಮ ಪಂಚಾಯಿತಿಗಳೂ ಹಾಗೇ ಮಾಡಬಹುದು: ದಾಖಲೆಯಿಲ್ಲದ್ದನ್ನು ಅರ್ಜಿ ತಿರಸ್ಕರಿಸಲು ಕಾರಣ ಮಾಡದೆ, ಆ ಮನೆಗೆ ಮೊದಲು ಹೋಗಲು ಕಾರಣ ಮಾಡಿಕೊಳ್ಳುವುದು.

ಊರಿನ ಮಾತು ಎಷ್ಟು ನಂಬಬೇಕು?

2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಇಂಡೊನೇಷ್ಯಾದ 640 ಹಳ್ಳಿಗಳಲ್ಲಿ ಎರಡು ವಿಧಾನ ಹೋಲಿಸಿದರು. ಒಂದರಲ್ಲಿ ಮನೆ, ಆಸ್ತಿ, ವಸ್ತುಗಳ ಲೆಕ್ಕದಿಂದ ಸರ್ಕಾರ ಬಡವರನ್ನು ಗುರುತಿಸಿತು; ಇನ್ನೊಂದರಲ್ಲಿ ಊರಿನವರೇ ಕೂತು ಮನೆಗಳನ್ನು ಸಾಲಾಗಿ ಜೋಡಿಸಿದರು. ಬಡತನವನ್ನು ಮನೆಯ ಖರ್ಚಿನಿಂದ ಅಳೆದಾಗ ಮೊದಲ ವಿಧಾನ ಸ್ವಲ್ಪ ಮೇಲಾಗಿತ್ತು, ಆದರೆ ಊರವರಿಗೆ ಹೆಚ್ಚು ತೃಪ್ತಿ ಕೊಟ್ಟದ್ದು ಎರಡನೆಯದು. ಕೈಗೆ ಬರುವ ದುಡ್ಡೊಂದನ್ನೇ ಊರು ಬಡತನ ಎಂದು ಎಣಿಸುವುದಿಲ್ಲ. ಆಸರೆ ಇದೆಯೋ ಇಲ್ಲವೋ ಎಂಬುದನ್ನೂ ನೋಡುತ್ತದೆ.

ಊರಿನ ತಿಳಿವಳಿಕೆ ಬೇಕು, ಊರಿನ ತೀರ್ಪು ಬೇಡ. ನಮ್ಮ ಹಳ್ಳಿಗಳಲ್ಲಿ ಜಾತಿ, ಪಕ್ಷ, ದಾಯಾದಿ ಜಗಳ ಪಟ್ಟಿಯೊಳಗೆ ನುಸುಳುತ್ತವೆ. ‘ಅವನು ಕುಡುಕ, ಅವನ ಮನೆಗೆ ಯಾಕೆ’ ಎಂದು ತಂದೆಯ ತಪ್ಪಿಗೆ ಮಗುವನ್ನು ಬಿಡುತ್ತಾರೆ. ಜೈಲಿಗೆ ಹೋದವನ ಮಕ್ಕಳು, ಓಡಿಹೋಗಿ ಮದುವೆಯಾಗಿ ಮರಳಿದವಳ ಕೂಸು, ದೇವದಾಸಿ ತಾಯಿಯ ಮಗು, ಪರಊರಿನಿಂದ ಬಂದು ನೆಲೆಸಿದವರು ಹೀಗೆ ಪಟ್ಟಿಯಿಂದ ಬಿದ್ದುಹೋಗುತ್ತಾರೆ. ಪಟ್ಟಿ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ: ಪ್ರತಿ ಕೇರಿ, ಪ್ರತಿ ಹಟ್ಟಿ, ಪ್ರತಿ ತಾಂಡಾದಿಂದ ಒಂದಾದರೂ ಮನೆ ಬಂದಿದೆಯೇ? ಬಂದಿಲ್ಲವೆಂದರೆ ಅಲ್ಲಿ ಕಷ್ಟವಿಲ್ಲ ಎಂದುಕೊಳ್ಳದೆ ಮತ್ತೊಮ್ಮೆ ಹೋಗಿ.

ಇನ್ನೊಂದು ಎಚ್ಚರ. ವಸತಿ ಯೋಜನೆಯ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದುವಂತೆ ಮಕ್ಕಳ ಪಟ್ಟಿಯನ್ನು ಓದಬಾರದು. ಮಗುವಿನ ಗೋಪ್ಯತೆ ಬಾಲನ್ಯಾಯ ಕಾಯ್ದೆಯ ಮೂಲ ತತ್ವಗಳಲ್ಲಿ ಒಂದು. ಸಭೆಯಲ್ಲಿ ನಿಯಮ ಹೇಳಿ, ಎಷ್ಟು ಅರ್ಜಿ ಹೋಯಿತು, ಎಷ್ಟು ಮಂಜೂರಾಯಿತು ಎಂಬ ಸಂಖ್ಯೆ ಹೇಳಿ. ಹೆಸರು, ಕಾಯಿಲೆ, ಮನೆಯ ಕಥೆ ನೋಟಿಸ್ ಬೋರ್ಡಿಗೂ ಬೇಡ, ವಾಟ್ಸ್‌ಆ್ಯಪ್ ಗುಂಪಿಗೂ ಬೇಡ. ಚೆಕ್ ಹಿಡಿಸಿ ಫೋಟೊ ತೆಗೆಸುವ ಚಪಲವನ್ನು ಜನಪ್ರತಿನಿಧಿಗಳೂ ದಾನಿಗಳೂ ಬಿಡಬೇಕು.

ಮಂಜೂರಾದ ಮೇಲೆ, ಆಗದಿದ್ದ ಮೇಲೆ

ಹಣ ಬರತೊಡಗಿದ ಮೇಲೂ ಮಗು ಶಾಲೆಗೆ ಹೋಗುತ್ತಿರಬೇಕು. ಸತತ 30 ದಿನಕ್ಕಿಂತ ಹೆಚ್ಚು ಗೈರಾದರೆ ನೆರವು ನಿಲ್ಲಬಹುದು. ವಿಶೇಷ ಅಗತ್ಯದ ಮಕ್ಕಳಿಗೆ ಇದರಲ್ಲಿ ವಿನಾಯಿತಿಯಿದೆ. ಮಗುವನ್ನು ಹಾಸ್ಟೆಲ್‌ಗೆ ಸೇರಿಸುವ ಆಲೋಚನೆಯಿದ್ದರೆ ಮೊದಲೇ ಮಕ್ಕಳ ರಕ್ಷಣಾ ಘಟಕವನ್ನು ಕೇಳಿಕೊಳ್ಳಿ. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳಿ.

ಮಂಜೂರಾತಿಗೆ ಕಾಯುವ ತಿಂಗಳುಗಳಲ್ಲಿ ಮನೆ ನಡೆಯಬೇಕಲ್ಲ. ವಿಧವಾ ವೇತನ, ಅಂಗವಿಕಲರ ವೇತನ, ಅಂತ್ಯೋದಯ ಕಾರ್ಡ್, ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ, ವಿದ್ಯಾರ್ಥಿವೇತನ, ರೈತ ಆತ್ಮಹತ್ಯೆಯ ಪರಿಹಾರ, ಎಚ್‌ಐವಿ ಬಾಧಿತ ಮಕ್ಕಳ ವಿಶೇಷ ಪಾಲನಾ ಯೋಜನೆ ಇವುಗಳಲ್ಲಿ ಯಾವುದು ಸಲ್ಲುತ್ತದೆಯೋ ಅದನ್ನು ಜೊತೆಗೇ ಹಾಕಿಸಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಕಾಗದದ ಕೊರತೆಯಾದರೆ ಅದನ್ನು ತುಂಬಿ ಮತ್ತೆ ಕೊಡಿ.

ಆರು ತಿಂಗಳಿಗೊಮ್ಮೆ ಪಟ್ಟಿ ತಿದ್ದಿ. ಹೊಸ ಸಾವು, ಹೊಸ ಗುಳೆ, ಹೊಸ ಕಾಯಿಲೆ ಸಾಲನ್ನು ಬದಲಿಸುತ್ತವೆ.

ಈ ಕೆಲಸಕ್ಕೆ ದೊಡ್ಡ ಸಂಸ್ಥೆ ಬೇಡ, ಅನುದಾನವೂ ಬೇಡ. ಅಂಗನವಾಡಿ ಕಾರ್ಯಕರ್ತೆ, ಮುಖ್ಯ ಶಿಕ್ಷಕರು, ಆಶಾ, ಸಂಘದ ಅಧ್ಯಕ್ಷೆ, ಪಂಚಾಯಿತಿ ಸದಸ್ಯರು ಒಂದು ದಿನ ಪುಸ್ತಕಗಳನ್ನು ಹಿಡಿದು ಒಟ್ಟಿಗೆ ಕೂತರೆ ನಿಮ್ಮ ಊರಿನ ಮೊದಲ ಪಟ್ಟಿ ಸಿದ್ಧವಾಗುತ್ತದೆ. ಮುಂದಿನ ಗ್ರಾಮ ಸಭೆಗೆ ಮೊದಲು ಆ ಒಂದು ದಿನ ಗೊತ್ತು ಮಾಡಿ. ತುರ್ತಿದ್ದರೆ ಅದಕ್ಕೂ ಕಾಯಬೇಡಿ, 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಹಣ ಕೊಡಬೇಕಿಲ್ಲ.